ಒಬಾಮ ಅಂದು ಬಿಟ್ಟುಕೊಟ್ಟದ್ದು, ಅಮೆರಿಕನ್ನರು ಇಂದು ಕಟ್ಟುತ್ತಿರುವುದು

2025ರ ಡಿಸೆಂಬರ್ 31ಕ್ಕೆ ಅಮೆರಿಕದಲ್ಲಿ ಒಂದು ಸಬ್ಸಿಡಿಯ ಅವಧಿ ಮುಗಿಯಿತು. ಸ್ವಂತ ಅಂಗಡಿ ನಡೆಸುವವರು, ಟ್ಯಾಕ್ಸಿ ಓಡಿಸುವವರು, ರೈತರು, ಅರೆಕಾಲಿಕ ಕೆಲಸದವರು, 65 ತುಂಬುವ ಮೊದಲೇ ನಿವೃತ್ತರಾದವರು, ಹೀಗೆ ಕೆಲಸದ ಮೂಲಕ ವಿಮೆ ಸಿಗದವರು ‘ಒಬಾಮಕೇರ್’ (ಒಬಾಮ ಕಾಲದ 2010ರ ಆರೋಗ್ಯ ವಿಮಾ ಕಾನೂನು) ಮಾರುಕಟ್ಟೆಯಲ್ಲಿ ಕೊಳ್ಳುವ ಆರೋಗ್ಯ ವಿಮೆಗೆ ಸರ್ಕಾರ 2021ರಿಂದ ಕೊಡುತ್ತಿದ್ದ ಹೆಚ್ಚುವರಿ ನೆರವು ಅದು. 2025ರಲ್ಲಿ ಆ ಮಾರುಕಟ್ಟೆಯಿಂದ ವಿಮೆ ಪಡೆದವರು ಸುಮಾರು 2.4 ಕೋಟಿ ಜನ. ನೆರವು ನಿಂತರೆ ಸಬ್ಸಿಡಿ ಪಡೆಯುವವರು ಕೈಯಿಂದ ಕಟ್ಟುವ ವಾರ್ಷಿಕ ಕಂತು ಸರಾಸರಿ 888 ಡಾಲರಿನಿಂದ 1,904 ಡಾಲರಿಗೆ ಏರುತ್ತದೆ ಎಂದು ಆರೋಗ್ಯ ನೀತಿಯನ್ನು ಅಧ್ಯಯನ ಮಾಡುವ ಕೆಎಫ್ಎಫ್ ಸಂಸ್ಥೆ ಮೊದಲೇ ಲೆಕ್ಕ ಹಾಕಿತ್ತು. ಈ ನೆರವನ್ನು ಮುಂದುವರಿಸಬೇಕು ಎಂದು ಡೆಮಾಕ್ರಟಿಕ್ ಪಕ್ಷ ಪಟ್ಟು ಹಿಡಿದದ್ದರಿಂದಲೇ 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳು ಬಾಗಿಲು ಹಾಕಿದವು. ಕೊನೆಗೆ ಸರ್ಕಾರ ತೆರೆಯಿತು, ನೆರವು ಮಾತ್ರ ಸಿಗಲಿಲ್ಲ.

ಈ ಜಗಳವನ್ನು ಟ್ರಂಪ್ ಕಾಲದ ಜಗಳ ಎಂದಷ್ಟೇ ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ರಿಪಬ್ಲಿಕನ್ನರು ನೆರವು ಮುಂದುವರಿಸಲಿಲ್ಲ, ಅದು ಸರಿಯೇ. ಆದರೆ ಕೋಟಿಗಟ್ಟಲೆ ಜನರ ಆರೋಗ್ಯ ವಿಮೆ ಪ್ರತಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಸಂಸತ್ತಿನ ಮರ್ಜಿಗೆ ಬಂದು ನಿಲ್ಲುವಂಥ ವ್ಯವಸ್ಥೆ ಯಾಕೆ ಹುಟ್ಟಿತು? ಅದಕ್ಕೆ 2009ರ ಸೆಪ್ಟೆಂಬರ್ 9ರ ರಾತ್ರಿ ಬರಾಕ್ ಒಬಾಮ ಸಂಸತ್ತಿನ ಎರಡೂ ಸದನಗಳ ಮುಂದೆ ಮಾಡಿದ ಭಾಷಣಕ್ಕೆ ಹೋಗಬೇಕು. ಆ ಭಾಷಣವನ್ನು ಅವರದೇ ಪಕ್ಷದ ಪ್ರಗತಿಪರರು ಅಂದು ಯಾಕೆ ಆಕ್ಷೇಪಿಸಿದರು ಎಂಬುದನ್ನು ಈಗ ಮತ್ತೆ ಓದಬೇಕಾಗಿದೆ.

ಆ ಬೇಸಿಗೆ ಒಬಾಮರಿಗೆ ಕಷ್ಟದ್ದಾಗಿತ್ತು. ಊರೂರಿನ ಸಭೆಗಳಲ್ಲಿ ಬಲಪಂಥೀಯ ಚಳವಳಿಯಾದ ಟೀ ಪಾರ್ಟಿಯವರು ಸಂಸದರ ಮೇಲೆ ಕೂಗಾಡುತ್ತಿದ್ದರು. ಮುದುಕರ ಸಾವನ್ನು ಸರ್ಕಾರಿ ಸಮಿತಿಗಳು ತೀರ್ಮಾನಿಸುತ್ತವೆ ಎಂಬ ಶುದ್ಧ ಸುಳ್ಳು ಹರಡಿತ್ತು. ಎಲ್ಲರಿಗೂ ಆರೋಗ್ಯ ಸೇವೆ ಎಂಬುದನ್ನು ಜೀವನದ ಕೆಲಸ ಮಾಡಿಕೊಂಡಿದ್ದ ಸೆನೆಟರ್ ಟೆಡ್ ಕೆನಡಿ ಆಗಸ್ಟ್ 25ರಂದು ತೀರಿಕೊಂಡಿದ್ದರು. ಆದರೆ ಸಂಸತ್ತಿನೊಳಗೆ ಕೆಲಸ ನಿಂತಿರಲಿಲ್ಲ. ಮಸೂದೆ ನೋಡಬೇಕಿದ್ದ ಐದು ಸಮಿತಿಗಳಲ್ಲಿ ನಾಲ್ಕು ತಮ್ಮ ಕೆಲಸ ಮುಗಿಸಿದ್ದವು. ಆ ನಾಲ್ಕರ ಮಸೂದೆಗಳಲ್ಲೂ ‘ಪಬ್ಲಿಕ್ ಆಪ್ಷನ್’ ಇತ್ತು. ಉಳಿದದ್ದು ಮ್ಯಾಕ್ಸ್ ಬಾಕಸ್ ಅಧ್ಯಕ್ಷತೆಯ ಸೆನೆಟ್ ಹಣಕಾಸು ಸಮಿತಿ ಒಂದೇ.

ಪಬ್ಲಿಕ್ ಆಪ್ಷನ್ ಅಂದರೆ ಖಾಸಗಿ ವಿಮಾ ಕಂಪನಿಗಳ ಪಕ್ಕದಲ್ಲೇ ಸರ್ಕಾರ ನಡೆಸುವ ಒಂದು ವಿಮೆ. ಬೇಕಾದವರು ಅದನ್ನು ಕೊಳ್ಳಬಹುದು, ಬೇಡದವರು ಬಿಡಬಹುದು. ಅದಕ್ಕೆ ಷೇರುದಾರರಿಗೆ ಲಾಭ ಹಂಚುವ ಹೊರೆ ಇರುವುದಿಲ್ಲ. 65 ದಾಟಿದವರಿಗೆ 1965ರಿಂದ ಇರುವ ಮೆಡಿಕೇರ್‌ನ ದರಗಳನ್ನೇ ಅದಕ್ಕೂ ಕಟ್ಟಿದರೆ ಆಸ್ಪತ್ರೆಗಳ ಜತೆ ಚೌಕಾಸಿ ಮಾಡುವ ಬಲವೂ ಬರುತ್ತದೆ. ಒಂದು ಮಾತು ಮರೆಯಬಾರದು: ಪ್ರಗತಿಪರರ ಮೂಲ ಬೇಡಿಕೆ ಇದಾಗಿರಲೇ ಇಲ್ಲ. ಅವರು ಕೇಳುತ್ತಿದ್ದದ್ದು ಸಿಂಗಲ್ ಪೇಯರ್, ಅಂದರೆ ಕೆನಡಾದಲ್ಲಿರುವಂತೆ ಎಲ್ಲರ ಚಿಕಿತ್ಸೆಯ ಬಿಲ್ಲನ್ನೂ ಸರ್ಕಾರವೇ ಕಟ್ಟುವ ವ್ಯವಸ್ಥೆ. ಅದನ್ನು ಚರ್ಚೆಗೇ ತೆಗೆದುಕೊಳ್ಳುವುದಿಲ್ಲ ಎಂದು ಬಾಕಸ್ ಮೊದಲೇ ಹೇಳಿಬಿಟ್ಟಿದ್ದರು. ಮೇ ತಿಂಗಳಲ್ಲಿ ಅವರ ಸಮಿತಿಯ ವಿಚಾರಣೆಯಲ್ಲಿ ಎದ್ದು ನಿಂತು ‘ನಮಗೂ ಒಂದು ಕುರ್ಚಿ ಕೊಡಿ’ ಎಂದು ಕೇಳಿದ ವೈದ್ಯರು, ಕಾರ್ಯಕರ್ತರನ್ನು ಪೊಲೀಸರು ಬಂಧಿಸಿ ಕರೆದೊಯ್ದರು. ಹಾಗಾಗಿ ಸೆಪ್ಟೆಂಬರ್ ಹೊತ್ತಿಗೆ ಪಬ್ಲಿಕ್ ಆಪ್ಷನ್ ಎಂಬುದೇ ಎಡದವರು ಆಗಲೇ ಮಾಡಿಕೊಂಡಿದ್ದ ರಾಜಿ. ಸ್ವತಃ ಒಬಾಮ 2003ರಲ್ಲಿ ಕಾರ್ಮಿಕ ಸಂಘಟನೆಯೊಂದರ ಸಭೆಯಲ್ಲಿ ತಾನು ಸಿಂಗಲ್ ಪೇಯರ್ ಪರ ಎಂದಿದ್ದವರು.

ಭಾಷಣ ಮಾತಿನ ದೃಷ್ಟಿಯಿಂದ ಅವರ ಅತ್ಯುತ್ತಮ ಭಾಷಣಗಳಲ್ಲೊಂದು. ಈ ಕೆಲಸಕ್ಕೆ ಕೈಹಾಕಿದ ಅಧ್ಯಕ್ಷರಲ್ಲಿ ನಾನು ಮೊದಲಿಗನಲ್ಲ, ಆದರೆ ಕೊನೆಯವನಾಗಬೇಕೆಂಬ ಸಂಕಲ್ಪ ನನ್ನದು ಎಂದರು. ಮೊದಲೇ ಕಾಯಿಲೆ ಇದೆ ಎಂದು ವಿಮೆ ನಿರಾಕರಿಸುವುದನ್ನು ಕಾನೂನುಬಾಹಿರ ಮಾಡುತ್ತೇನೆ ಎಂದರು. ಅಲಬಾಮಾ ರಾಜ್ಯದ ವಿಮಾ ಮಾರುಕಟ್ಟೆಯ ಸುಮಾರು 90 ಪ್ರತಿಶತ ಒಂದೇ ಕಂಪನಿಯ ಕೈಯಲ್ಲಿದೆ ಎಂದು ತೋರಿಸಿ, ಪೈಪೋಟಿಗೆ ಸರ್ಕಾರಿ ವಿಮೆ ಯಾಕೆ ಬೇಕು ಎಂಬುದನ್ನು ಚೆನ್ನಾಗಿಯೇ ವಿವರಿಸಿದರು. ವಿವರಿಸಿ ಮುಗಿಸಿದ ಮೇಲೆ ಅದನ್ನು ಬಿಟ್ಟುಕೊಡುವ ದಾರಿಯನ್ನೂ ತಾವೇ ತೆರೆದರು. ಅದು ನನ್ನ ಯೋಜನೆಯ ಒಂದು ಭಾಗ ಮಾತ್ರ, ಸೇರುವವರು 5 ಪ್ರತಿಶತಕ್ಕೂ ಕಡಿಮೆ ಎಂಬ ಅಂದಾಜಿದೆ ಎಂದರು. ನಂತರ ‘ನನ್ನ ಪ್ರಗತಿಪರ ಗೆಳೆಯರೇ’ ಎಂದು ನೇರವಾಗಿ ಕರೆದು, ವಿಮಾ ಕಂಪನಿಗಳ ಅನ್ಯಾಯ ನಿಲ್ಲಿಸುವುದು ಗುರಿ, ಪಬ್ಲಿಕ್ ಆಪ್ಷನ್ ಆ ಗುರಿಗೆ ಒಂದು ಸಾಧನವಷ್ಟೇ, ಬೇರೆ ಸಲಹೆಗಳಿಗೂ ಮನಸ್ಸು ತೆರೆದಿರಬೇಕು ಎಂದು ಬುದ್ಧಿ ಹೇಳಿದರು.

ಪ್ರಗತಿಪರರ ಆಕ್ಷೇಪದ ತಿರುಳು ಈ ಒಂದು ಮಾತಿನ ಸುತ್ತ ಇದೆ. ಸಂಸತ್ತಿನ ಪ್ರಗತಿಪರ ಡೆಮಾಕ್ರಟರ ಗುಂಪಾದ ಪ್ರಗತಿಪರ ಕಾಕಸ್‌ನ ಮುಂದಾಳುಗಳಾದ ರೌಲ್ ಗ್ರಿಹಾಲ್ವ ಮತ್ತು ಲಿನ್ ವುಲ್ಸಿ, ಜತೆಗೆ ಹತ್ತಾರು ಸದಸ್ಯರು, ಬಲವಾದ ಪಬ್ಲಿಕ್ ಆಪ್ಷನ್ ಇಲ್ಲದ ಮಸೂದೆಗೆ ಮತ ಹಾಕುವುದಿಲ್ಲ ಎಂದು ಆ ಬೇಸಿಗೆಯಲ್ಲೇ ಬರೆದುಕೊಟ್ಟಿದ್ದರು. ಅವರ ಕೈಯಲ್ಲಿದ್ದ ಏಕೈಕ ಅಸ್ತ್ರ ಆ ಪತ್ರ. ಅಧ್ಯಕ್ಷರು ಇಡೀ ದೇಶ ನೋಡುತ್ತಿರುವಾಗ ಆ ಅಸ್ತ್ರವನ್ನು ಕಸಿದುಕೊಂಡರು. ಸಮಿತಿಯೊಂದರ ಕೆಲಸ ಇನ್ನೂ ಬಾಕಿ ಇರುವಾಗಲೇ, ಎದುರಿನವರು ಏನನ್ನೂ ಕೊಡದಿರುವಾಗಲೇ, ಇದು ಇಲ್ಲದಿದ್ದರೂ ನಡೆಯುತ್ತದೆ ಎಂದು ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕಾದ ಒತ್ತಡ ಯಾರಿಗಿರುತ್ತದೆ? ಸಂತೆಯಲ್ಲಿ ಎತ್ತು ಮಾರಲು ಹೋದವನು ಗಿರಾಕಿ ಬಾಯಿ ಬಿಡುವ ಮೊದಲೇ ದರ ಇಳಿಸಿದ ಹಾಗಾಯಿತು.

5 ಪ್ರತಿಶತದ ಮಾತನ್ನೂ ಹಾಗೆಯೇ ನೋಡಬೇಕು. ಮಧ್ಯಮಮಾರ್ಗಿಗಳಿಗೆ ಭರವಸೆ ಕೊಡಲು ಹೇಳಿದ ಅಂಕಿ ಅದು: ಹೆದರಬೇಡಿ, ಇದು ಬಹಳ ಚಿಕ್ಕದು ಎಂದು. ಆದರೆ ಅದು ಚಿಕ್ಕದಾಗಿದ್ದದ್ದು ಜನರಿಗೆ ಬೇಡವಾಗಿದ್ದರಿಂದಲ್ಲ. ಕೆಲಸ ಕೊಟ್ಟ ಕಂಪನಿಗಳ ಮೂಲಕ ವಿಮೆ ಇರುವ ಬಹುಸಂಖ್ಯಾತರಿಗೆ ಅದನ್ನು ಕೊಳ್ಳಲು ಬಾಗಿಲೇ ಇರಲಿಲ್ಲ. ಮೆಡಿಕೇರ್ ದರಕ್ಕೆ ಕಟ್ಟಿದ ಸರ್ಕಾರಿ ವಿಮೆ ಖಜಾನೆಗೆ ಹೆಚ್ಚು ಉಳಿತಾಯ ಮಾಡುತ್ತದೆ, ದರವನ್ನು ಚೌಕಾಸಿಗೆ ಬಿಟ್ಟ ದುರ್ಬಲ ರೂಪ ಕಡಿಮೆ ಉಳಿಸುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿಯೇ (ಸಿಬಿಒ) ಆ ವರ್ಷ ಲೆಕ್ಕ ಕೊಟ್ಟಿತ್ತು. ಖರ್ಚಿನ ಚಿಂತೆ ಮಾಡುವ ಸಂಪ್ರದಾಯವಾದಿ ಡೆಮಾಕ್ರಟರೇ ಹೆಚ್ಚು ಉಳಿತಾಯದ ರೂಪವನ್ನು ವಿರೋಧಿಸಿದರು. ಎಡದವರು ಕೇಳಿದ್ದು ದುಬಾರಿ, ನಡುಪಂಥದವರದ್ದು ಮಿತವ್ಯಯ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಭಾಷಣದ ಕಟ್ಟಡದಲ್ಲಿ ಇನ್ನೊಂದು ತೊಡಕಿತ್ತು. ಎಡದಲ್ಲಿ ಕೆನಡಾ ಮಾದರಿ ಕೇಳುವವರಿದ್ದಾರೆ, ಬಲದಲ್ಲಿ ಕಂಪನಿ ವಿಮೆಯನ್ನೇ ತೆಗೆದು ಪ್ರತಿಯೊಬ್ಬನೂ ತನ್ನ ವಿಮೆ ತಾನೇ ಕೊಳ್ಳಲಿ ಎನ್ನುವವರಿದ್ದಾರೆ, ನಾನು ಇರುವುದನ್ನೇ ಸರಿಪಡಿಸುತ್ತೇನೆ ಎಂದು ಒಬಾಮ ನಡುವಿನ ಜಾಗದಲ್ಲಿ ನಿಂತರು. ಕೇಳಲು ಹಿತವಾದ ಮಾತು. ಆದರೆ ಒಂದು ಬದಿಯವರು ತಮ್ಮ ಬೇಡಿಕೆಯನ್ನು ಅರ್ಧಕ್ಕೆ ಇಳಿಸಿಕೊಂಡು ಬಂದು ಕೂತಿದ್ದಾರೆ, ಇನ್ನೊಂದು ಬದಿಯವರು ಒಂದು ಹೆಜ್ಜೆಯೂ ಕದಲಿಲ್ಲ. ಅಲ್ಲಿ ‘ನಡು’ ಹುಡುಕಿದರೆ ಸಿಗುವ ಜಾಗ ಬಲಕ್ಕೇ ಇರುತ್ತದೆ. ಎಲ್ಲರೂ ವಿಮೆ ಕೊಳ್ಳಲೇಬೇಕು, ಕೊಳ್ಳದಿದ್ದರೆ ದಂಡ ಎಂಬ ನಿಯಮವನ್ನೇ ನೋಡಿ. 1989ರಲ್ಲಿ ಬಲಪಂಥೀಯ ಹೆರಿಟೇಜ್ ಫೌಂಡೇಷನ್ ಮುಂದಿಟ್ಟ ವಿಚಾರ ಅದು. 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಜಾರಿಗೆ ತಂದದ್ದು. 2008ರ ಪಕ್ಷದೊಳಗಿನ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಇದನ್ನು ಹೇಳಿದಾಗ ಒಬಾಮ ವಿರೋಧಿಸಿದ್ದರು. ಭಾಷಣದ ರಾತ್ರಿ ಅದು ಅವರದೇ ಯೋಜನೆಯ ಭಾಗವಾಗಿತ್ತು. ಅಂತಿಮ ಕಾನೂನಿಗೆ ಒಂದೇ ಒಂದು ರಿಪಬ್ಲಿಕನ್ ಮತವೂ ಬೀಳಲಿಲ್ಲ.

ಕೂಗಿದವರಿಗೆ ಏನು ಸಿಕ್ಕಿತು ಎಂಬುದಕ್ಕೂ ಅದೇ ರಾತ್ರಿ ಸಾಕ್ಷಿ. ದಾಖಲೆ ಇಲ್ಲದ ವಲಸಿಗರಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಎಂದು ಒಬಾಮ ಹೇಳಿದಾಗ ದಕ್ಷಿಣ ಕೆರೊಲಿನಾದ ಸಂಸದ ಜೋ ವಿಲ್ಸನ್ ‘ನೀನು ಸುಳ್ಳು ಹೇಳುತ್ತಿದ್ದೀಯ’ ಎಂದು ಸದನದಲ್ಲೇ ಕಿರುಚಿದರು. ಮರುದಿನ ಪತ್ರಿಕೆಗಳೆಲ್ಲ ಆ ಅಸಭ್ಯತೆಯ ಬಗ್ಗೆ ಬರೆದವು. ಕೆಲವೇ ದಿನಗಳಲ್ಲಿ ಶ್ವೇತಭವನ ಒಂದು ಹೆಜ್ಜೆ ಮುಂದೆ ಹೋಗಿ, ದಾಖಲೆ ಇಲ್ಲದವರು ಸಬ್ಸಿಡಿ ಇಲ್ಲದೆ ತಮ್ಮದೇ ದುಡ್ಡು ಕೊಟ್ಟರೂ ಆ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಕಾನೂನಿನಲ್ಲಿ ಹಾಗೇ ಉಳಿಯಿತು. ಲ್ಯಾಟಿನೋ ಸಂಸದರು ಇದರಿಂದ ನೊಂದರು, ಅವರ ಮಾತು ನಡೆಯಲಿಲ್ಲ. ಬಲದಿಂದ ಬಂದ ಒಂದು ಕೂಗು ನೀತಿಯನ್ನು ಬದಲಿಸಿತು. ಎಡದಿಂದ ಬಂದ ಹತ್ತಾರು ಸಹಿಗಳ ಪತ್ರಕ್ಕೆ ಸಿಕ್ಕಿದ್ದು ‘ಗೆಳೆಯರೇ’ ಎಂಬ ಸಂಬೋಧನೆ.

ಔಷಧ ಕಂಪನಿಗಳ ವಿಷಯ ಭಾಷಣದಲ್ಲಿ ಹೆಚ್ಚು ಕೇಳಲಿಲ್ಲ, ಕಾರಣ ಅದು ಜೂನ್‌ನಲ್ಲೇ ಮುಗಿದಿತ್ತು. ಹತ್ತು ವರ್ಷದಲ್ಲಿ 8,000 ಕೋಟಿ ಡಾಲರಿನಷ್ಟು ರಿಯಾಯಿತಿ ಕೊಡುವುದಾಗಿ ಅವರು ಒಪ್ಪಿದರು. ಪ್ರತಿಯಾಗಿ ಮೆಡಿಕೇರ್ ಔಷಧಗಳ ಬೆಲೆಯನ್ನು ಸರ್ಕಾರ ಚೌಕಾಸಿ ಮಾಡುವ ವಿಚಾರ ಕೈಬಿಟ್ಟಿತು. ಚುನಾವಣೆಯಲ್ಲಿ ಒಬಾಮ ಕೊಟ್ಟಿದ್ದ ಭರವಸೆಗೆ ಇದು ನೇರ ವಿರುದ್ಧ. ಆ ಚೌಕಾಸಿಯ ಅಧಿಕಾರ ಕಾನೂನಾಗಲು 2022ರವರೆಗೆ ಕಾಯಬೇಕಾಯಿತು. ಮೊದಲ ಹತ್ತು ಔಷಧಗಳ ಇಳಿದ ಬೆಲೆ ರೋಗಿಗಳ ಕೈಗೆ ಬಂದದ್ದು 2026ರ ಜನವರಿಯಲ್ಲಿ.

ಇಷ್ಟೆಲ್ಲದರಲ್ಲಿ ಇಂದಿನ ಬಿಕ್ಕಟ್ಟಿಗೆ ಅತಿ ಹತ್ತಿರದ ಎಳೆ ಭಾಷಣದ ಇನ್ನೆರಡು ವಾಕ್ಯಗಳಲ್ಲಿದೆ. ಅಂದು ಅವುಗಳ ಮೇಲೆ ಗದ್ದಲ ಕಡಿಮೆಯಾಗಿತ್ತು. ಯೋಜನೆಯ ವೆಚ್ಚ ಹತ್ತು ವರ್ಷಕ್ಕೆ ಸುಮಾರು 90,000 ಕೋಟಿ ಡಾಲರ್ ಎಂದು ಒಬಾಮ ಹೇಳಿದರು. ಜತೆಗೇ, ಕೊರತೆಗೆ ಬಿಡಿಗಾಸು ಸೇರಿಸುವ ಮಸೂದೆಗೂ ನಾನು ಸಹಿ ಹಾಕುವುದಿಲ್ಲ ಎಂದು ಶಪಥ ಮಾಡಿದರು. ಈ ಮೊತ್ತ ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಿಗೆ ಖರ್ಚು ಮಾಡಿದ್ದಕ್ಕಿಂತ, ಅತಿ ಶ್ರೀಮಂತರಿಗೆ ಹಿಂದಿನ ಸರ್ಕಾರ ಕೊಟ್ಟ ತೆರಿಗೆ ವಿನಾಯಿತಿಗಿಂತ ಕಡಿಮೆ ಎಂದೂ ನೆನಪಿಸಿದರು. ಅಂದರೆ ಎದುರಿನವರು ಎರಡು ಯುದ್ಧಗಳನ್ನೂ ತೆರಿಗೆ ಕಡಿತವನ್ನೂ ಸಾಲದ ಮೇಲೆ ನಡೆಸಿದ್ದಾರೆಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ, ಆ ಶಿಸ್ತು ತನ್ನ ಆರೋಗ್ಯ ಯೋಜನೆಗೆ ಮಾತ್ರ ಇರಲಿ ಎಂದು ಒಪ್ಪಿಕೊಂಡರು.

ಮೇಲೊಂದು ಮಿತಿ ಇಟ್ಟ ಮೇಲೆ ಒಳಗಿನದೆಲ್ಲ ಕುಗ್ಗಲೇಬೇಕು. ದರ ಇಳಿಸುವ ಸಾಧನಗಳು, ಅಂದರೆ ಮೆಡಿಕೇರ್ ದರದ ಸರ್ಕಾರಿ ವಿಮೆ ಮತ್ತು ಔಷಧ ಬೆಲೆಯ ಚೌಕಾಸಿ, ಆಗಲೇ ಹೋಗಿದ್ದವು. ಹಾಗಾಗಿ ಮಿತಿಗೆ ಹೊಂದಿಸಲು ಉಳಿದ ದಾರಿ ಜನರಿಗೆ ಕೊಡುವ ಸಬ್ಸಿಡಿಯನ್ನು ಕಡಿಮೆ ಮಾಡುವುದು, ಯೋಜನೆಯನ್ನು ತಡವಾಗಿ ಶುರುಮಾಡುವುದು. ಎರಡೂ ಆದವು. ಮಾರುಕಟ್ಟೆ ತೆರೆದು ವಿಮೆ ಜಾರಿಗೆ ಬರಲು 2014ರ ಜನವರಿ ಆಯಿತು. 2010ರ ಚುನಾವಣೆಯಲ್ಲಿ ಮತದಾರರಿಗೆ ತೋರಿಸಲು ಡೆಮಾಕ್ರಟರ ಬಳಿ ಹೆಚ್ಚೇನೂ ಇರಲಿಲ್ಲ, ಅವರು ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡರು. ಆ ಸೋಲಿಗೆ ಆರ್ಥಿಕ ಕುಸಿತವೂ ಕಾರಣ, ನಿಜ. ಸಬ್ಸಿಡಿಯ ಗೆರೆಯನ್ನು ಬಡತನ ರೇಖೆಯ ನಾಲ್ಕು ಪಟ್ಟಿಗೆ ಎಳೆಯಲಾಯಿತು. ವರಮಾನ ಆ ಗೆರೆಗಿಂತ ಒಂದು ಡಾಲರ್ ಹೆಚ್ಚಾದರೂ ಪೂರ್ತಿ ಪ್ರೀಮಿಯಂ ತಾವೇ ಕಟ್ಟಬೇಕು. ವಯಸ್ಸಾದವರಿಗೆ ಯುವಕರಿಗಿಂತ ಮೂರು ಪಟ್ಟು ದರ ಹಾಕಲು ಕಾನೂನು ಬಿಟ್ಟಿದೆ. ಹಾಗಾಗಿ 60ರ ಆಸುಪಾಸಿನ, ಮಧ್ಯಮ ವರಮಾನದ, ಸ್ವಂತ ದುಡಿಮೆಯ ಮಂದಿಗೆ ಪೆಟ್ಟು ಜಾಸ್ತಿ.

2021ರಲ್ಲಿ ಬೈಡನ್ ಸರ್ಕಾರ ಈ ಗೆರೆಯನ್ನು ತೆಗೆದು, ಯಾರೂ ವರಮಾನದ 8.5 ಪ್ರತಿಶತಕ್ಕಿಂತ ಹೆಚ್ಚು ಕಟ್ಟಬೇಕಿಲ್ಲ ಎಂದು ಮಾಡಿತು. ಪರಿಣಾಮ ಕಣ್ಣಿಗೆ ಕಂಡಿತು: ಆಗ ಸುಮಾರು 1.2 ಕೋಟಿ ಇದ್ದ ಗ್ರಾಹಕರು ನಾಲ್ಕು ವರ್ಷದಲ್ಲಿ ಎರಡು ಪಟ್ಟಾದರು. ಆದರೆ ಮತ್ತೆ ಅದೇ ಲೆಕ್ಕದ ಭಯದಿಂದ ನೆರವನ್ನು ಮೊದಲು ಎರಡು ವರ್ಷಕ್ಕೆ, 2022ರಲ್ಲಿ ಇನ್ನೂ ಮೂರು ವರ್ಷಕ್ಕೆ ಮಾತ್ರ ಕೊಡಲಾಯಿತು. ಅದನ್ನು ಕಾಯಂ ಮಾಡಲು ಹತ್ತು ವರ್ಷಕ್ಕೆ ಬೇಕಿದ್ದದ್ದು ಸುಮಾರು 35,000 ಕೋಟಿ ಡಾಲರ್ ಎಂಬುದು ಸಿಬಿಒ ಅಂದಾಜು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ತೆರಿಗೆ ಕಾನೂನು ಹತ್ತು ವರ್ಷದಲ್ಲಿ ಕೊರತೆಗೆ ಸೇರಿಸುವುದು ಸುಮಾರು 3.4 ಲಕ್ಷ ಕೋಟಿ ಡಾಲರ್ ಎಂಬುದೂ ಅದೇ ಕಚೇರಿಯ ಅಂದಾಜು. ಬಿಡಿಗಾಸಿನ ಶಪಥ ಯಾರನ್ನು ಕಟ್ಟಿಹಾಕಿತು ಎಂಬುದು ಈ ಎರಡು ಅಂಕಿಗಳಲ್ಲಿದೆ.

ಒಬಾಮ ಪರ ವಾದಿಸುವವರ ಉತ್ತರವನ್ನು ಹಗುರವಾಗಿ ತಳ್ಳಿಹಾಕಲಾಗದು. ಸೆನೆಟ್‌ನಲ್ಲಿ ಮಸೂದೆಗೆ ಅಡ್ಡಿ ತಪ್ಪಿಸಲು 60 ಮತ ಬೇಕು. ಡೆಮಾಕ್ರಟರ ಬಳಿ ಇದ್ದದ್ದು ಸರಿಯಾಗಿ 60, ಒಂದು ಕೈಬಿಟ್ಟರೂ ಕತೆ ಮುಗಿಯಿತು. ಕನೆಕ್ಟಿಕಟ್‌ನ ಸೆನೆಟರ್ ಜೋ ಲೀಬರ್ಮನ್ ಡಿಸೆಂಬರ್‌ನಲ್ಲಿ ಪಬ್ಲಿಕ್ ಆಪ್ಷನ್ ಒಪ್ಪಲಿಲ್ಲ. ಅದರ ಬದಲಿಗೆ 55 ದಾಟಿದವರು ಮೆಡಿಕೇರ್ ಕೊಳ್ಳಲಿ ಎಂಬ, ಕೆಲವೇ ತಿಂಗಳ ಹಿಂದೆ ತಾವೇ ಮೆಚ್ಚಿದ್ದ ವಿಚಾರವನ್ನೂ ಒಪ್ಪಲಿಲ್ಲ. ಆಗ ಡೆಮಾಕ್ರಟಿಕ್ ಪಕ್ಷದ ಮಾಜಿ ಮುಖ್ಯಸ್ಥ ಹೊವಾರ್ಡ್ ಡೀನ್ ಸೆನೆಟ್ ಮಸೂದೆಯನ್ನು ಬೀಳಿಸಿ ಎಂದರು. ಒಹಾಯೊದ ಕೆಳಮನೆ ಸದಸ್ಯ ಡೆನ್ನಿಸ್ ಕುಸಿನಿಚ್ ನವೆಂಬರ್‌ನಲ್ಲಿ ಎಡದಿಂದಲೇ ವಿರುದ್ಧ ಮತ ಹಾಕಿದ್ದರು. ಬರ್ನಿ ಸ್ಯಾಂಡರ್ಸ್ ಬೇರೆ ದಾರಿ ಹಿಡಿದರು: ಸೆನೆಟ್‌ನಲ್ಲಿ ಸಿಂಗಲ್ ಪೇಯರ್ ತಿದ್ದುಪಡಿ ಮಂಡಿಸಿ, ಅದು ನಡೆಯದಾದಾಗ ಬಡವರ ಸಮುದಾಯ ಆರೋಗ್ಯ ಕೇಂದ್ರಗಳಿಗೆ ದೊಡ್ಡ ಮೊತ್ತ ಗಿಟ್ಟಿಸಿಕೊಂಡು ಮಸೂದೆಗೆ ಮತ ಕೊಟ್ಟರು. 2010ರ ಮಾರ್ಚ್ 21ರಂದು ಕೆಳಮನೆಯಲ್ಲಿ 219–212ರಲ್ಲಿ ಮಸೂದೆ ಗೆದ್ದಾಗ ಕುಸಿನಿಚ್ ಕೂಡ ಪರವಾಗಿದ್ದರು.

ಬೀಳಿಸಿ ಎಂದವರ ಮಾತು ನಡೆಯದಿದ್ದದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. 2010ರಲ್ಲಿ ಅಮೆರಿಕನ್ನರಲ್ಲಿ ಸುಮಾರು 16 ಪ್ರತಿಶತ ಜನರಿಗೆ ವಿಮೆ ಇರಲಿಲ್ಲ, 2023ರ ಹೊತ್ತಿಗೆ ಅದು ಸುಮಾರು 8ಕ್ಕೆ ಇಳಿದಿತ್ತು. ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್‌ನ ವಿಸ್ತರಣೆಯನ್ನು 40 ರಾಜ್ಯಗಳು ಒಪ್ಪಿವೆ. ಕ್ಯಾನ್ಸರ್ ಬಂದು ಹೋದವರಿಗೆ, ಸಕ್ಕರೆ ಕಾಯಿಲೆಯವರಿಗೆ ವಿಮೆ ಇಲ್ಲ ಎನ್ನುವ ಹಕ್ಕು ಕಂಪನಿಗಳಿಗೆ ಇಲ್ಲವಾಯಿತು. 2017ರ ಜುಲೈನಲ್ಲಿ ಈ ಕಾನೂನು ರದ್ದಾಗದಂತೆ ಉಳಿದದ್ದು ಜಾನ್ ಮೆಕೇನ್ ಸೇರಿ ಮೂವರು ರಿಪಬ್ಲಿಕನ್ನರ ವಿರುದ್ಧ ಮತದಿಂದ. ಅವರ ಮೇಲೆ ಒತ್ತಡ ತಂದದ್ದು ಇದರಿಂದ ಬದುಕಿದ ಜನ. ಆ ಜನರೇ ಇಲ್ಲದಿದ್ದರೆ ಇಂದು ಉಳಿಸಿಕೊಳ್ಳಲು ಹೋರಾಡುವುದಕ್ಕೂ ಏನೂ ಇರುತ್ತಿರಲಿಲ್ಲ.

ಆದರೆ 60ರ ಲೆಕ್ಕ ಡಿಸೆಂಬರ್‌ನ ಸೋಲನ್ನು ವಿವರಿಸುತ್ತದೆ, ಸೆಪ್ಟೆಂಬರ್‌ನ ಭಾಷಣವನ್ನಲ್ಲ. ಆ ರಾತ್ರಿ ಅಧ್ಯಕ್ಷರು ಪಬ್ಲಿಕ್ ಆಪ್ಷನ್ ಇಲ್ಲದೆ ಆಗದು ಎಂದಿದ್ದರೆ ಲೀಬರ್ಮನ್ ಬಗ್ಗುತ್ತಿದ್ದರೇ? ಬಹುಶಃ ಇಲ್ಲ. ಬಗ್ಗದಿದ್ದರೂ ಅದನ್ನು ಬಿಡಲು ಬೇರೇನಾದರೂ ಕೇಳಬಹುದಿತ್ತು: ಸಬ್ಸಿಡಿಯ ಗೆರೆ ಮೇಲಕ್ಕೆ, ಆರಂಭ ಒಂದೆರಡು ವರ್ಷ ಮುಂಚೆ. ಇನ್ನೂ ಮುಖ್ಯವಾದದ್ದು, ಮ್ಯಾಸಚೂಸೆಟ್ಸ್‌ನಲ್ಲಿ ಕೆನಡಿ ಸ್ಥಾನವನ್ನು 2010ರ ಜನವರಿಯಲ್ಲಿ ಕಳೆದುಕೊಂಡ ಮೇಲೆ ಕಾನೂನಿನ ತಿದ್ದುಪಡಿಗಳನ್ನು 60 ಮತ ಬೇಡದ, ಬರೀ ಬಹುಮತ ಸಾಕಾಗುವ ಬಜೆಟ್ ನಿಯಮದಡಿ ಪಾಸು ಮಾಡಲಾಯಿತು. ಆಗ ಲೀಬರ್ಮನ್ ಅನಿವಾರ್ಯರಾಗಿರಲಿಲ್ಲ. ಕೊಲರಾಡೊದ ಮೈಕಲ್ ಬೆನೆಟ್ ಸೇರಿ ಹಲವು ಸೆನೆಟರುಗಳು ಪಬ್ಲಿಕ್ ಆಪ್ಷನ್ನನ್ನು ಅದರಲ್ಲಿ ಸೇರಿಸಿ ಎಂದು ಬಹಿರಂಗ ಪತ್ರ ಬರೆದರು. ಮತಕ್ಕೇ ಹಾಕಲಿಲ್ಲ. ‘ಸಾಧನವಷ್ಟೇ’ ಎಂಬ ಮಾತು ಅಷ್ಟರಲ್ಲಿ ಪಕ್ಷದ ನಿಲುವೇ ಆಗಿಹೋಗಿತ್ತು.

ಸಾಧನ ಬದಲಾದರೆ ಗುರಿಯೂ ಬದಲಾಗುತ್ತದೆ ಎಂಬುದು ಪ್ರಗತಿಪರರು ಅಂದು ಹೇಳಿದ್ದರ ಸಾರ, ಮತ್ತು ಅವರು ಸರಿ ಇದ್ದದ್ದು ಅಲ್ಲೇ. ಖಾಸಗಿ ಕಂಪನಿಯ ಪ್ರೀಮಿಯಂ ಅನ್ನು ಜನರಿಗಾಗಿ ಸರ್ಕಾರ ತುಂಬುವ ಪದ್ಧತಿಯಲ್ಲಿ, ಪ್ರೀಮಿಯಂ ಏರಿದಷ್ಟೂ ಖಜಾನೆಯ ಹೊರೆ ಏರುತ್ತದೆ. ಸಂಗ್ರಹದ 80 ಅಥವಾ 85 ಪ್ರತಿಶತವನ್ನು ಚಿಕಿತ್ಸೆಗೇ ಖರ್ಚು ಮಾಡಬೇಕೆಂಬ ನಿಯಮ ಕಂಪನಿಗಳ ಮೇಲಿದೆ, ಅದು ಒಳ್ಳೆಯ ನಿಯಮವೇ. ಆದರೆ ಉಳಿದ 15–20ರಲ್ಲಿ ಹೆಚ್ಚು ಗಳಿಸಬೇಕೆಂದರೆ ಒಟ್ಟು ಮೊತ್ತ ದೊಡ್ಡದಾಗುವುದೇ ಕಂಪನಿಗೆ ಲಾಭ. ಆಸ್ಪತ್ರೆ ದರ ಇಳಿಸಲು ಹೋರಾಡುವ ಕಾರಣ ಯಾರಿಗೂ ಉಳಿಯುವುದಿಲ್ಲ.

ಅಮೆರಿಕದ ಕನ್ನಡಿಗರಲ್ಲಿ ಬಹಳ ಮಂದಿಗೆ ಐಟಿ ಕಂಪನಿಯ ವಿಮೆ ಇರುವುದರಿಂದ ಇದು ತಮ್ಮ ವಿಷಯವಲ್ಲ ಅನ್ನಿಸಬಹುದು. ಆದರೆ ಮಕ್ಕಳ ಹತ್ತಿರ ಇರಲೆಂದು ಗ್ರೀನ್ ಕಾರ್ಡ್ ಮೇಲೆ ಹೋದ ತಂದೆತಾಯಿಯರನ್ನು ನೋಡಿ. 65 ದಾಟಿದ್ದರೂ ಐದು ವರ್ಷ ಅಲ್ಲಿ ನೆಲೆಸುವವರೆಗೆ ಅವರಿಗೆ ಮೆಡಿಕೇರ್ ಇಲ್ಲ, ಹೆಚ್ಚಿನ ಕಡೆ ಮೆಡಿಕೈಡೂ ಇಲ್ಲ. ಅಂಥವರಿಗೆ ಆಸರೆ ಈ ಮಾರುಕಟ್ಟೆಯ ವಿಮೆಯೇ. ಬಡತನ ರೇಖೆಗಿಂತ ಕೆಳಗಿನ ವರಮಾನದ ಇಂಥ ವಲಸಿಗರಿಗೆ ಇದ್ದ ಸಬ್ಸಿಡಿಯನ್ನು 2025ರ ಕಾನೂನು 2026ರಿಂದ ತೆಗೆದುಹಾಕಿದೆ. ಗ್ರೀನ್ ಕಾರ್ಡ್ ಇಲ್ಲದೆ ಕಾನೂನುಬದ್ಧವಾಗಿ ಇರುವ ಬಹುತೇಕರಿಗೆ, ಕೆಲಸದ ವೀಸಾ ಮತ್ತು ವಿದ್ಯಾರ್ಥಿ ವೀಸಾದವರೂ ಸೇರಿ, 2027ರಿಂದ ಸಬ್ಸಿಡಿ ಇರುವುದಿಲ್ಲ. ಜೋ ವಿಲ್ಸನ್ ಕೂಗಿದ ರಾತ್ರಿ ಎಳೆದ ಗೆರೆ ದಾಖಲೆ ಇಲ್ಲದವರನ್ನು ಹೊರಗಿಟ್ಟಿತು. ಈಗ ಅದು ದಾಖಲೆ ಇರುವವರ ಕಡೆಗೆ ಸರಿದಿದೆ.

ಮುಂದೇನು ಎಂಬ ಚರ್ಚೆ ಡೆಮಾಕ್ರಟಿಕ್ ಪಕ್ಷದೊಳಗೆ ಮತ್ತೆ ಶುರುವಾಗಲೇಬೇಕು. 43 ದಿನದ ಹೋರಾಟದಲ್ಲಿ ಅವರು ಮುಖ್ಯವಾಗಿ ಕೇಳಿದ್ದು ನೆರವಿನ ಮುಂದುವರಿಕೆಯನ್ನು. ಅದು ತುರ್ತಿನ ಬೇಡಿಕೆ, ಜನ ಇಂದೇ ಬಿಲ್ ಕಟ್ಟಬೇಕಾಗಿರುವಾಗ ಅದನ್ನು ಬಿಡುವ ಮಾತಿಲ್ಲ. ಆದರೆ ನೆರವು ವಾಪಸು ಬಂದರೂ ದರ ಇಳಿಯುವುದಿಲ್ಲ. ವಾಷಿಂಗ್ಟನ್ ರಾಜ್ಯ 2021ರಲ್ಲಿ, ಕೊಲರಾಡೊ 2023ರಲ್ಲಿ ತಮ್ಮದೇ ಪಬ್ಲಿಕ್ ಆಪ್ಷನ್ ಶುರುಮಾಡಿವೆ. ಎರಡೂ ಕಡೆ ಅದನ್ನು ನಡೆಸುವುದು ಖಾಸಗಿ ಕಂಪನಿಗಳೇ, ದರದ ಮೇಲೆ ಮಾತ್ರ ರಾಜ್ಯದ ಹಿಡಿತ. ಇದು ಸಾಲದು. ಕಂಪನಿ ವಿಮೆ ಇರುವವರಿಗೂ ತೆರೆದ, ಮೆಡಿಕೇರ್ ದರಕ್ಕೆ ಕಟ್ಟಿದ ಕೇಂದ್ರ ಸರ್ಕಾರದ ವಿಮೆಯನ್ನು 2028ರ ಅಧ್ಯಕ್ಷೀಯ ಅಭ್ಯರ್ಥಿಗಳು ಒಪ್ಪುತ್ತಾರೋ ಇಲ್ಲವೋ ಎಂದು ಪ್ರಗತಿಪರರು ಪಕ್ಷದೊಳಗಿನ ಚುನಾವಣೆಯಲ್ಲೇ ಕೇಳಬೇಕು, ಯಾವ ದರಕ್ಕೆ, ಯಾವ ವರ್ಷದಿಂದ ಎಂಬುದನ್ನು ಮತ ಬೀಳುವ ಮೊದಲೇ ಬರೆಸಿಕೊಳ್ಳಬೇಕು. ಗೆದ್ದ ಮೇಲೆ ಸಂಸತ್ತಿನ ವೇದಿಕೆಯಿಂದ ಉತ್ತರ ಬಂದರೆ ತಡವಾಗಿರುತ್ತದೆ.